ಪ್ರತಿಭಾವಂತ ಪ್ರೌಢಶಾಲಾ ಮಕ್ಕಳಿಗೆ ಆನ್‌ಲೈನ್ ಕಂಪ್ಯೂಟರ್ ವಿಜ್ಞಾನ: ಯಾವ ಕೋರ್ಸ್, ಯಾವಾಗ, ಹೇಗೆ

ದಾವಣಗೆರೆಯಲ್ಲಿ ಎಸೆಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯವು. ಮಗನೋ ಮಗಳೋ 625ಕ್ಕೆ 610ರ ಆಸುಪಾಸು ತೆಗೆದಿರುತ್ತಾರೆ, ಗಣಿತದಲ್ಲಿ ನೂರಕ್ಕೆ ನೂರು ಬಂದಿರುತ್ತದೆ, ಪಿಯುಸಿಗೆ ಪಿಸಿಎಂಸಿ ಎಂದು ಮನೆಯಲ್ಲಿ ತೀರ್ಮಾನವೂ ಆಗಿರುತ್ತದೆ. ಕಾಲೇಜು ಶುರುವಾಗುವುದರೊಳಗೆ ಕಂಪ್ಯೂಟರ್‌ನಲ್ಲಿ ಯಾವುದಾದರೂ ಆನ್‌ಲೈನ್ ಕೋರ್ಸ್ ಮಾಡಿಸಬಹುದೇ, ಯಾವುದು ಒಳ್ಳೆಯದು ಎಂದು ತಂದೆತಾಯಿ ಕೇಳುತ್ತಾರೆ. ಈಚೆಗೆ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಪೋಷಕರೂ ಕೇಳತೊಡಗಿದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತ, ಭಾನುವಾರದ ಮಧ್ಯಾಹ್ನ ವಿದ್ಯಾನಗರದ ಮನೆಯಲ್ಲಿ ನಾಲ್ಕಾರು ಶಾಲಾ ಮಕ್ಕಳೊಡನೆ ಕುಳಿತುಕೊಳ್ಳುವ ನನಗೆ ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡಲು ಆಗುವುದಿಲ್ಲ. ಕೋರ್ಸಿನ ಹೆಸರು ಹೇಳುವುದು ಸುಲಭ. ಆದರೆ ಅದರೊಳಗೆ ಮಗು ಏನು ಮಾಡಬೇಕಾಗುತ್ತದೆ, ತಪ್ಪಿದಾಗ ತಿದ್ದುವವರು ಯಾರು, ಶಾಲೆಯ ಓದಿನ ನಡುವೆ ಅದಕ್ಕೆ ಹೊತ್ತು ಎಲ್ಲಿಂದ ಬರುತ್ತದೆ ಎಂಬುದು ತಿಳಿಯದಿದ್ದರೆ ಹೆಸರೊಂದರಿಂದ ಏನೂ ಆಗುವುದಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೋಡಿಂಗ್ ಕಲಿಯುವುದು ಮತ್ತು ಕಂಪ್ಯೂಟರ್ ವಿಜ್ಞಾನ ಕಲಿಯುವುದು ಒಂದಕ್ಕೊಂದು ಹೊಂದಿಕೊಂಡಿದ್ದರೂ ಬೇರೆ ಬೇರೆ. ಇದನ್ನು ವ್ಯಾಖ್ಯೆಯಿಂದ ಹೇಳುವ ಬದಲು ನನ್ನ ಕಣ್ಣೆದುರು ನಡೆದ ಒಂದು ಪ್ರಸಂಗದಿಂದ ಹೇಳುತ್ತೇನೆ.

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಮ್ ಬರೆಯುವುದು ಬಹುತೇಕ ಆರಂಭಿಕ ಕೋರ್ಸುಗಳಲ್ಲಿ ಬರುವ ಅಭ್ಯಾಸ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಒಂದೇ ಸಾಲಿನ ಕೆಲಸ: ಪದವನ್ನು ತಿರುಗಿಸಿ ಮೂಲದೊಡನೆ ಹೋಲಿಸಿದರೆ ಆಯಿತು. ನಿಟ್ಟುವಳ್ಳಿಯಿಂದ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಬರೆದು, ಕೋರ್ಸಿನವರು ಕೊಟ್ಟಿದ್ದ ಇಂಗ್ಲಿಷ್ ಪದಗಳಿಗೆಲ್ಲ ಸರಿಯುತ್ತರ ಪಡೆದು, ಬಳಿಕ ತಾನಾಗಿಯೇ ಕನ್ನಡ ಪದಗಳನ್ನು ಕೊಟ್ಟು ನೋಡಿದಳು. ‘ಕನಕ’ ಎಂದು ಕೊಟ್ಟರೆ ಹೌದು ಎಂದಿತು. ‘ವಿಕಟಕವಿ’ ಎಂದು ಕೊಟ್ಟರೆ ಅಲ್ಲ ಎಂದಿತು. ಕನ್ನಡ ಬಲ್ಲ ಯಾವ ಮಗುವಿಗಾದರೂ ಗೊತ್ತಿರುವ ಪದ ಅದು. ಪ್ರೋಗ್ರಾಮ್ ತಪ್ಪಿದ್ದು ಎಲ್ಲಿ? ಪದದ ಉದ್ದ ಎಷ್ಟೆಂದು ಕೇಳಿದಾಗ ಪೈಥಾನ್ ಏಳು ಎಂದಿತು. ನಾವು ಎಣಿಸಿದರೆ ವಿ, ಕ, ಟ, ಕ, ವಿ ಎಂದು ಐದೇ ಅಕ್ಷರ.

ಕಾರಣ ಇಷ್ಟೇ. ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಜಗತ್ತಿನ ಲಿಪಿಗಳ ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ‘ವ’ಕ್ಕೆ ಒಂದು ಸಂಖ್ಯೆ, ಅದರ ಮೇಲೆ ಬರುವ ಗುಡಿಸಿಗೆ ಇನ್ನೊಂದು ಸಂಖ್ಯೆ. ಹಾಗಾಗಿ ‘ವಿ’ ನಮ್ಮ ಕಣ್ಣಿಗೆ ಒಂದು, ಯಂತ್ರದ ಲೆಕ್ಕಕ್ಕೆ ಎರಡು. ಪದವನ್ನು ಯಂತ್ರ ತಿರುಗಿಸಿದಾಗ ಗುಡಿಸು ತನ್ನ ‘ವ’ವನ್ನು ಬಿಟ್ಟು ಪಕ್ಕದ ‘ಕ’ಕ್ಕೆ ಅಂಟಿಕೊಳ್ಳುತ್ತದೆ. ‘ದಾವಣಗೆರೆ’ ನಮಗೆ ಐದು ಅಕ್ಷರ, ಯಂತ್ರಕ್ಕೆ ಎಂಟು ಸಂಕೇತ. ತಿರುಗಿಸಿದರೆ ಮೊದಲಿಗೆ ಆಧಾರವಿಲ್ಲದೆ ನೇತಾಡುವ ಒಂದು ಎತ್ವ, ಅದರ ಹಿಂದೆ ‘ರೆಗಣವಾದ’ ಎಂಬ ಅರ್ಥವಿಲ್ಲದ ಪದ ಬರುತ್ತದೆ. ‘ಶ್ರೀ’ ಎಂಬ ಒಂದಕ್ಷರದ ಒಳಗೆ ಶ, ವ್ಯಂಜನಗಳನ್ನು ಬೆಸೆಯುವ ವಿರಾಮ ಎಂಬ ಗುರುತು, ರ, ದೀರ್ಘದ ಗುರುತು ಎಂದು ನಾಲ್ಕು ಸಂಕೇತಗಳಿವೆ.

ಆ ಹುಡುಗಿ ಎರಡು ವಾರ ಇದರ ಹಿಂದೆ ಬಿದ್ದಳು. ಸ್ವರಚಿಹ್ನೆಯೋ ಅನುಸ್ವಾರವೋ ವಿರಾಮವೋ ಬಂದರೆ ಅದನ್ನು ಹಿಂದಿನ ವ್ಯಂಜನಕ್ಕೆ ಸೇರಿಸಬೇಕು, ಹಿಂದಿನದು ವಿರಾಮದಲ್ಲಿ ಮುಗಿದಿದ್ದರೆ ಈಗಿನ ವ್ಯಂಜನವೂ ಅದೇ ಗುಂಪಿಗೆ ಸೇರಬೇಕು, ಹೀಗೆ ಗುಂಪು ಮಾಡಿಕೊಂಡ ಮೇಲೆಯೇ ತಿರುಗಿಸಬೇಕು ಎಂಬ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒತ್ತಕ್ಷರಗಳಿರುವ ಪದಗಳಿಂದ ಒರೆಗೆ ಹಚ್ಚಿ, ಕೊನೆಗೆ ಪ್ರೋಗ್ರಾಮಿಗೆ ಇಳಿಸಿದಳು. ಮೊದಲ ಒಂದು ಸಾಲು ಕೋಡಿಂಗ್. ‘ಅಕ್ಷರ ಎಂದರೆ ಏನು, ಅದನ್ನು ಯಂತ್ರದೊಳಗೆ ಹೇಗೆ ಇಟ್ಟಿದ್ದಾರೆ, ನನ್ನ ಉತ್ತರ ಎಲ್ಲ ಪದಗಳಿಗೂ ಸರಿಯೆಂದು ನಂಬುವುದು ಹೇಗೆ’ ಎಂದು ಕೇಳಿಕೊಂಡ ಆ ಎರಡು ವಾರ ಕಂಪ್ಯೂಟರ್ ವಿಜ್ಞಾನ. ಒಳ್ಳೆಯ ಕೋರ್ಸ್ ಮಗುವನ್ನು ಈ ಎರಡನೆಯ ಕಡೆಗೆ ಕರೆದೊಯ್ಯುತ್ತದೆ. ಕೆಟ್ಟದ್ದು ಮೊದಲ ಸಾಲಿಗೇ ಚಪ್ಪಾಳೆ ತಟ್ಟಿ ಪ್ರಮಾಣಪತ್ರ ಕೊಟ್ಟು ಕಳಿಸುತ್ತದೆ. ಪೋಷಕರೊಬ್ಬರು ಮೂರು ತಿಂಗಳ ಕೋಡಿಂಗ್ ತರಗತಿಗೆಂದು ಸಂಸ್ಥೆಯೊಂದಕ್ಕೆ ನಲವತ್ತು ಸಾವಿರ ರೂಪಾಯಿ ಕಟ್ಟಿ, ಮುಗಿದ ಮೇಲೆ ಮಗನನ್ನು ನನ್ನ ಬಳಿ ಕರೆತಂದಿದ್ದರು. ಹುಡುಗನ ಬಳಿ ಬಣ್ಣದ ಪ್ರಮಾಣಪತ್ರವಿತ್ತು. ಖಾಲಿ ಹಾಳೆಯ ಮೇಲೆ ಒಂದರಿಂದ ನೂರರವರೆಗೆ ಕೂಡುವ ಲೂಪ್, ಅಂದರೆ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳನ್ನು ಬರೆಯಲು ಬರಲಿಲ್ಲ. ಅವನು ದಡ್ಡನಲ್ಲ. ಅವನಿಗೆ ಯಾರೂ ಲೆಕ್ಕ ಕೊಟ್ಟಿರಲಿಲ್ಲ, ಅಷ್ಟೆ.

ಪ್ರತಿಭೆಯನ್ನು ಅಳೆಯುವ ಸೇರು

‘ಪ್ರತಿಭಾವಂತ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಒಂದೇ ತರಗತಿಯ ಇಬ್ಬರು ಮಕ್ಕಳು ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದಾರೆ ಎನ್ನೋಣ. ಒಬ್ಬರಿಗೆ ಆ ಪತ್ರಿಕೆ ತನ್ನ ಶಕ್ತಿಯ ಕೊನೆಯಂಚು. ಇನ್ನೊಬ್ಬರಿಗೆ ಅರ್ಧ ಗಂಟೆಯ ಕೆಲಸ. ಅಂಕಪಟ್ಟಿ ಈ ಅಂತರವನ್ನು ತೋರಿಸಲಾರದು. ಸೇರು ತುಂಬಿದ ಮೇಲೆ ಹೊರಗೆ ಚೆಲ್ಲಿದ ಜೋಳ ಎಷ್ಟೆಂದು ಸೇರಿನಿಂದ ತಿಳಿಯುವುದಿಲ್ಲ. ದೊಡ್ಡ ಅಳತೆ ಬೇಕು.

ಈ ದೊಡ್ಡ ಅಳತೆಯ ವಿಚಾರ ಹುಟ್ಟಿದ್ದಕ್ಕೂ ಕಂಪ್ಯೂಟರ್ ವಿಜ್ಞಾನಕ್ಕೂ ಹತ್ತಿರದ ನಂಟಿದೆ. 1968ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಜೂಲಿಯನ್ ಸ್ಟ್ಯಾನ್ಲಿ ಅವರಿಗೆ ಜೋಸೆಫ್ ಬೇಟ್ಸ್ ಎಂಬ ಹನ್ನೆರಡು ವರ್ಷದ ಹುಡುಗನ ಪರಿಚಯವಾಯಿತು. ಶಾಲೆಯ ಪಾಠ ಸಾಲದೆ ಅವನನ್ನು ತಂದೆತಾಯಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸಿಗೆ ಸೇರಿಸಿದ್ದರು. ಅಲ್ಲಿಯೂ ದೊಡ್ಡವರನ್ನು ಹಿಂದೆ ಹಾಕಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೇ ಫೋರ್‌ಟ್ರಾನ್ ಭಾಷೆಯನ್ನು ಹೇಳಿಕೊಡುತ್ತಿದ್ದ. ಶಾಲೆಯ ಪರೀಕ್ಷೆಯಿಂದ ಅಳೆಯಲಾಗದ ಈ ಹುಡುಗನಿಗೆ ಸ್ಟ್ಯಾನ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಕೊಡಿಸಿದರು, ಹುಡುಗ ಹದಿಮೂರನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ. 1971ರಲ್ಲಿ ಸ್ಟ್ಯಾನ್ಲಿ ಇಂಥ ಮಕ್ಕಳ ದೀರ್ಘಾವಧಿ ಅಧ್ಯಯನವನ್ನು ಆರಂಭಿಸಿದರು. ಮರುವರ್ಷ ಹನ್ನೆರಡರಿಂದ ಹದಿನಾಲ್ಕು ವರ್ಷದ 450 ಮಕ್ಕಳಿಗೆ ಅವರ ವಯಸ್ಸಿಗೆ ಮೀರಿದ ಪರೀಕ್ಷೆ ಕೊಟ್ಟು ನೋಡಿದರು. ಆ ಕೆಲಸದಿಂದ 1979ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಪ್ರತಿಭಾವಂತ ಕಿರಿಯರ ಕೇಂದ್ರ ರೂಪುಗೊಂಡಿತು. ಇನ್ನೊಂದು ತುದಿಯ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದಿಂದಲೇ ಕಂಪ್ಯೂಟರ್ ಮೂಲಕ ಪಾಠ ಹೇಳುವ ಪ್ರಯೋಗ ಮಾಡುತ್ತಿದ್ದ ಪ್ಯಾಟ್ರಿಕ್ ಸಪ್ಪೀಸ್, ಮನೆಯಲ್ಲೇ ಕುಳಿತು ತಮ್ಮ ವೇಗದಲ್ಲಿ ಮುಂದುವರಿಯಬಲ್ಲ ಮಕ್ಕಳಿಗಾಗಿ ಒಂದು ಕಾರ್ಯಕ್ರಮವನ್ನು ಕಟ್ಟಿದರು. 2006ರಲ್ಲಿ ಸ್ಟ್ಯಾನ್‌ಫರ್ಡ್ ಆನ್‌ಲೈನ್ ಪ್ರೌಢಶಾಲೆಯೂ ಶುರುವಾಯಿತು.

ಅವುಗಳ ಶುಲ್ಕ ಡಾಲರ್ ಲೆಕ್ಕದ್ದು, ನಮ್ಮೂರಿನ ಹೆಚ್ಚಿನ ಮನೆಗಳಿಗೆ ನಿಲುಕುವುದಿಲ್ಲ. ಆದರೆ ಅವು ಹುಟ್ಟುಹಾಕಿದ ವಿಚಾರಕ್ಕೆ ಶುಲ್ಕವಿಲ್ಲ. ಮಗು ತನ್ನ ತರಗತಿಯ ಮೇಲಿನ ಮಟ್ಟದ ಲೆಕ್ಕಕ್ಕೆ ಕೈಹಾಕಿದಾಗ ಏನು ಮಾಡುತ್ತದೆ ಎಂಬುದನ್ನು ನೋಡಿ ಕೋರ್ಸ್ ಆರಿಸಬೇಕು. ನನ್ನ ಅನುಭವದಲ್ಲಿ ವೇಗವಾಗಿ ಉತ್ತರ ಹೇಳುವುದು ಅಷ್ಟು ನೆಚ್ಚಬಹುದಾದ ಗುರುತಲ್ಲ. ಉತ್ತರ ತಪ್ಪೆಂದು ತಿಳಿದ ಮೇಲೂ ಒಂದು ಗಂಟೆ ಎದ್ದು ಹೋಗದೆ ಕೂರುವ ಮಗು, ಮತ್ತು ಉತ್ತರ ಸರಿಯೆಂದು ತಿಳಿದ ಮೇಲೂ ‘ಹಾಗಾದರೆ ಹೀಗೆ ಕೊಟ್ಟರೆ?’ ಎಂದು ಕೇಳುವ ಮಗು, ಈ ಇಬ್ಬರ ಮೇಲೆ ನನಗೆ ಹೆಚ್ಚು ಭರವಸೆ.

ಕೋರ್ಸಿನ ಒಳಗೆ ನಡೆಯುವುದು

ಆನ್‌ಲೈನ್ ಕೋರ್ಸ್ ಎಂದರೆ ವಿಡಿಯೊ ಎಂದು ತಿಳಿಯುವುದು ಸಹಜ, ಏಕೆಂದರೆ ಕಣ್ಣಿಗೆ ಬೀಳುವುದು ಅದೇ. ಕಂಪ್ಯೂಟರ್ ವಿಜ್ಞಾನದ ಮಟ್ಟಿಗೆ ವಿಡಿಯೊ ಬಾಗಿಲು ಮಾತ್ರ. ಮನೆ ಇರುವುದು ಅದರ ಜೊತೆಗೆ ಬರುವ ಲೆಕ್ಕಗಳಲ್ಲಿ ಮತ್ತು ಆ ಲೆಕ್ಕಗಳನ್ನು ತಿದ್ದುವ ವ್ಯವಸ್ಥೆಯಲ್ಲಿ. ಇಲ್ಲಿ ಈ ವಿಷಯಕ್ಕೆ ಇತರ ವಿಷಯಗಳಿಗಿಲ್ಲದ ಒಂದು ಅನುಕೂಲವಿದೆ. ಕನ್ನಡ ಪ್ರಬಂಧವನ್ನು ತಿದ್ದಲು ಮೇಷ್ಟ್ರು ಬೇಕೇ ಬೇಕು. ಪ್ರೋಗ್ರಾಮನ್ನು ಬಹುಮಟ್ಟಿಗೆ ಯಂತ್ರವೇ ತಿದ್ದಬಲ್ಲದು, ರಾತ್ರಿ ಹನ್ನೊಂದಕ್ಕೂ ತಿದ್ದಬಲ್ಲದು, ನೂರನೇ ಸಲವೂ ಬೇಸರಪಡದೆ ತಿದ್ದಬಲ್ಲದು.

ಅದು ನಡೆಯುವ ರೀತಿ ಹೀಗೆ. ಮಗು ಬರೆದ ಪ್ರೋಗ್ರಾಮ್ ಕೋರ್ಸಿನ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಬೇರೇನನ್ನೂ ಮುಟ್ಟಲಾಗದಂತೆ ಕಟ್ಟಿಹಾಕಿದ ಒಂದು ಪ್ರತ್ಯೇಕ ಜಾಗದಲ್ಲಿ ಅದನ್ನು ಓಡಿಸಿ, ಮೊದಲೇ ಸಿದ್ಧಪಡಿಸಿಟ್ಟ ಹತ್ತಾರು ಮಾದರಿ ಪ್ರಶ್ನೆಗಳನ್ನು, ಅಂದರೆ ಟೆಸ್ಟ್ ಕೇಸ್‌ಗಳನ್ನು ಕೊಟ್ಟು, ಬಂದ ಉತ್ತರವನ್ನು ಸರಿಯುತ್ತರದೊಡನೆ ಹೋಲಿಸುತ್ತಾರೆ. ಕೆಲವು ಟೆಸ್ಟ್ ಕೇಸ್‌ಗಳು ಮಗುವಿಗೆ ಕಾಣುತ್ತವೆ, ಕೆಲವನ್ನು ಬೇಕೆಂದೇ ಮರೆಯಲ್ಲಿ ಇಟ್ಟಿರುತ್ತಾರೆ. ‘ಕನಕ’ಕ್ಕೆ ಸರಿಯಿದ್ದು ‘ವಿಕಟಕವಿ’ಗೆ ತಪ್ಪುವಂಥ ಪ್ರೋಗ್ರಾಮನ್ನು ಹಿಡಿಯುವುದು ಈ ಮರೆಯ ಟೆಸ್ಟ್ ಕೇಸ್‌ಗಳೇ.

ಉತ್ತರ ಸರಿಯಿದ್ದರೂ ಸಾಲದು, ಗಡುವಿನೊಳಗೆ ಬರಬೇಕು. ಸ್ಪರ್ಧಾತ್ಮಕ ಲೆಕ್ಕಗಳಲ್ಲಿ ಈ ಗಡುವು ಸಾಮಾನ್ಯವಾಗಿ ಒಂದೆರಡು ಸೆಕೆಂಡು. ಮೆಕ್ಕೆಜೋಳದ ದರಗಳ ಒಂದು ಪಟ್ಟಿ ಇದೆ, ಒಮ್ಮೆ ಕೊಂಡು ನಂತರದ ಒಂದು ದಿನ ಮಾರಿದರೆ ಸಿಗಬಹುದಾದ ಅತಿ ಹೆಚ್ಚಿನ ಲಾಭ ಎಷ್ಟು ಎಂಬ ಲೆಕ್ಕವನ್ನು ತೆಗೆದುಕೊಳ್ಳಿ. ಪ್ರತಿ ದರವನ್ನೂ ಅದರ ನಂತರದ ಪ್ರತಿ ದರದೊಡನೆ ಹೋಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಪಟ್ಟಿಯಲ್ಲಿ ಹತ್ತು ದರಗಳಿದ್ದರೆ 45 ಹೋಲಿಕೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಪರೀಕ್ಷಿಸುವ ಪಟ್ಟಿಯಲ್ಲಿ ಎರಡು ಲಕ್ಷ ದರಗಳಿದ್ದರೆ ಹೋಲಿಕೆಗಳು ಸುಮಾರು ಎರಡು ಸಾವಿರ ಕೋಟಿ. ಸೆಕೆಂಡಿಗೆ ಹತ್ತು ಕೋಟಿ ಸರಳ ಹೆಜ್ಜೆ ಇಡುವ ಯಂತ್ರಕ್ಕೂ ಮೂರು ನಿಮಿಷದ ಮೇಲೆ ಬೇಕು. ಈಗ ಇನ್ನೊಂದು ದಾರಿ ನೋಡಿ: ಪಟ್ಟಿಯನ್ನು ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತ, ಇದುವರೆಗೆ ಕಂಡ ಅತಿ ಕಡಿಮೆ ದರವನ್ನು ನೆನಪಿಟ್ಟುಕೊಂಡು, ಪ್ರತಿ ಹೆಜ್ಜೆಯಲ್ಲೂ ‘ಇಂದೇ ಮಾರಿದರೆ ಲಾಭ ಎಷ್ಟು’ ಎಂದು ನೋಡಿದರೆ ಎರಡು ಲಕ್ಷ ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ. ಯಂತ್ರ ಅದೇ, ಭಾಷೆ ಅದೇ, ಬದಲಾದದ್ದು ಆಲೋಚನೆ. ‘ಸಮಯ ಮೀರಿದೆ’ ಎಂಬ ಆ ಒಂದು ಸಂದೇಶದ ಮುಂದೆ ತಲೆ ಕೆಡಿಸಿಕೊಂಡು ಕುಳಿತ ಮಗು ಎರಡನೆಯ ದಾರಿಯನ್ನು ತಾನೇ ಕಂಡುಕೊಂಡರೆ, ಅದು ಹತ್ತು ವಿಡಿಯೊಗಳಿಂದ ಬಾರದ ಕಲಿಕೆ.

ಯಂತ್ರ ತಿದ್ದಲಾರದ ಭಾಗವೂ ಇದೆ. ಪ್ರೋಗ್ರಾಮ್ ಓದಲು ಸ್ಪಷ್ಟವಾಗಿದೆಯೇ, ಮಗು ಎಲ್ಲಿ ತಪ್ಪು ತಿಳಿದಿದೆ, ಅಳು ಬರುವಷ್ಟು ಸೋತಿದೆಯೇ ಎಂಬುದನ್ನು ಮನುಷ್ಯರೇ ನೋಡಬೇಕು. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಪೀಚ್ ಮತ್ತು ಮೆಹ್ರಾನ್ ಸಹಾಮಿ 2020ರ ಕೋವಿಡ್ ದಿನಗಳಲ್ಲಿ ‘ಕೋಡ್ ಇನ್ ಪ್ಲೇಸ್’ ಎಂಬ ಉಚಿತ ಕೋರ್ಸನ್ನು ನಡೆಸಿದಾಗ ಸುಮಾರು ಹತ್ತು ಸಾವಿರ ಕಲಿಯುವವರಿಗೆ ಒಂಬೈನೂರಕ್ಕೂ ಹೆಚ್ಚು ಸ್ವಯಂಸೇವಕ ಬೋಧಕರನ್ನು ಜೊತೆ ಮಾಡಿದರು. ಅಂದರೆ ಹತ್ತು ಹನ್ನೊಂದು ಜನಕ್ಕೆ ಒಬ್ಬರು. ಉಚಿತ ಆನ್‌ಲೈನ್ ಕೋರ್ಸುಗಳಿಗೆ ಸೇರಿದವರಲ್ಲಿ ಬಹುಪಾಲು ಜನ ನಡುವೆಯೇ ಬಿಡುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಕೇಳಲು ಒಬ್ಬರಿದ್ದರೆ ಬಿಡುವವರು ಕಡಿಮೆಯಾಗುತ್ತಾರೆ ಎಂಬುದನ್ನು ನಮ್ಮ ಭಾನುವಾರದ ಚಾಪೆಯ ಮೇಲೂ ನಾನು ಕಂಡಿದ್ದೇನೆ.

ಕೈಗೆ ಸಿಗುವ ಕೋರ್ಸುಗಳು

ನಮ್ಮ ದೇಶದ್ದರಿಂದ ಶುರುಮಾಡುವುದು ಒಳ್ಳೆಯದು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಮೂಲತಃ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇದ್ದರೂ ಅದರ ಎರಡು ಕೋರ್ಸುಗಳು ಜಾಣ ಪ್ರೌಢಶಾಲಾ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತವೆ. ಐಐಟಿ ರೋಪಡ್‌ನ ಸುದರ್ಶನ್ ಅಯ್ಯಂಗಾರ್ ಅವರ ‘ಜಾಯ್ ಆಫ್ ಕಂಪ್ಯೂಟಿಂಗ್’ ಹನ್ನೆರಡು ವಾರದ್ದು, ಆಟ ಮತ್ತು ಒಗಟುಗಳ ಮೂಲಕ ಪೈಥಾನ್ ಕಲಿಸುತ್ತದೆ, ಒಂಬತ್ತನೇ ತರಗತಿಯವರೂ ಹಿಡಿಯಬಹುದು. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ ಪೈಥಾನ್, ದತ್ತಾಂಶ ರಚನೆ (ಮಾಹಿತಿಯನ್ನು ಜೋಡಿಸಿಡುವ ಬಗೆ) ಮತ್ತು ಆಲ್ಗರಿದಮ್‌ಗಳ (ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಬಿಡಿಸುವ ವಿಧಾನಗಳ) ಕೋರ್ಸ್ ಎಂಟೇ ವಾರದ್ದಾದರೂ ಗಟ್ಟಿಯಾದದ್ದು. ಅದು ಮಹತ್ತಮ ಸಾಮಾನ್ಯ ಅಪವರ್ತನದಿಂದ ಆರಂಭವಾಗುತ್ತದೆ. ಯೂಕ್ಲಿಡ್‌ನ ಭಾಗಾಕಾರವನ್ನು ಶಾಲೆಯಲ್ಲಿ ನೋಡಿರುವ ಮಗುವಿಗೆ ತಾನು ಒಂದು ಆಲ್ಗರಿದಮ್ಮನ್ನು ಆಗಲೇ ಕಲಿತಿದ್ದೇನೆ ಎಂದು ಗೊತ್ತಾಗುವುದು ದೊಡ್ಡ ಧೈರ್ಯ. ಈ ಕೋರ್ಸುಗಳಿಗೆ ಸೇರಲು, ಪಾಠ ನೋಡಲು, ವಾರದ ಅಸೈನ್‌ಮೆಂಟ್ ಸಲ್ಲಿಸಲು ಹಣ ಬೇಡ. ಪ್ರಮಾಣಪತ್ರಕ್ಕಾಗಿ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಮಾತ್ರ ಶುಲ್ಕ. ಪ್ರೌಢಶಾಲಾ ಮಕ್ಕಳು ಆ ಪರೀಕ್ಷೆಯನ್ನು ಬರೆಯದಿದ್ದರೆ ನಷ್ಟವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಐಐಟಿ ಮದ್ರಾಸ್ 2020ರಲ್ಲಿ ಪ್ರಕಟಿಸಿದ, ಈಗ ಬಿಎಸ್ ಎಂದು ಕರೆಯುವ ಆನ್‌ಲೈನ್ ಪದವಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರ ಪಾಠ ಓದಿ, ಅದರ ಮೇಲಿನ ಅರ್ಹತಾ ಪರೀಕ್ಷೆಯಲ್ಲಿ ಗೆಲ್ಲಬೇಕು. ಹನ್ನೊಂದನೇ ತರಗತಿ, ಅಂದರೆ ಮೊದಲ ಪಿಯುಸಿ ಮುಗಿಸಿದವರು ಅದನ್ನು ಬರೆದು, ಹನ್ನೆರಡು ಮುಗಿದ ಮೇಲೆ ಸೇರಬಹುದು. ಪದವಿಯ ಯೋಚನೆ ಇಲ್ಲದವರಿಗೂ ಅದರ ಮೊದಲ ಹಂತದ ‘ಕಂಪ್ಯುಟೇಷನಲ್ ಥಿಂಕಿಂಗ್’ ಪಾಠಗಳು ಯೂಟ್ಯೂಬ್‌ನಲ್ಲಿ ತೆರೆದಿವೆ. ಅಲ್ಲಿ ಶುರುವಿನಲ್ಲಿ ಕಂಪ್ಯೂಟರೇ ಇಲ್ಲ. ಅಂಕಪಟ್ಟಿಗಳು, ಅಂಗಡಿಯ ಬಿಲ್‌ಗಳು, ಒಂದು ಪ್ಯಾರಾದ ಪದಗಳು ಇವನ್ನು ಚೀಟಿಗಳ ಕಟ್ಟಾಗಿ ಮಾಡಿ, ಕೈಯಿಂದ ಒಂದೊಂದೇ ಚೀಟಿ ತೆಗೆದು ನೋಡುತ್ತ, ನಡುವೆ ಏನನ್ನು ನೆನಪಿಡಬೇಕು ಎಂದು ಕಲಿಸುತ್ತಾರೆ. ಲ್ಯಾಪ್‌ಟಾಪ್ ಇಲ್ಲದ ಮನೆಯಲ್ಲೂ ಇದನ್ನು ಮಾಡಬಹುದು; ಜಗಳೂರಿನ ಕಡೆಯ ಹಾಸ್ಟೆಲ್ ಹುಡುಗರೊಡನೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಾನೂ ಇದನ್ನು ಮಾಡಿಸಿದ್ದೇನೆ.

ಹೊರದೇಶದವುಗಳಲ್ಲಿ ಹಾರ್ವರ್ಡ್‌ನ ‘ಸಿಎಸ್50’ ಮೊದಲು ನೆನಪಾಗುತ್ತದೆ. ಡೇವಿಡ್ ಮಲನ್ ಅವರು 2007ರಿಂದ ಕಲಿಸುತ್ತಿರುವ ಈ ಕೋರ್ಸ್ 2012ರಿಂದ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದ ಮೂಲಕ ಎಲ್ಲರಿಗೂ ತೆರೆದಿದೆ. ಮೊದಲು ಬಣ್ಣದ ತುಂಡುಗಳನ್ನು ಜೋಡಿಸುವ ಸ್ಕ್ರ್ಯಾಚ್, ಆಮೇಲೆ ಹಲವು ವಾರ ಸಿ ಭಾಷೆ, ನಂತರ ಪೈಥಾನ್, ದತ್ತಾಂಶದ ಕಣಜದಿಂದ ಬೇಕಾದ್ದನ್ನು ಕೇಳಿ ತೆಗೆಯುವ ಎಸ್‌ಕ್ಯೂಎಲ್, ವೆಬ್, ಕೊನೆಗೆ ಸ್ವಂತದ ಒಂದು ಯೋಜನೆ. ಲೆಕ್ಕಗಳನ್ನು ಮತ್ತು ಕೊನೆಯ ಯೋಜನೆಯನ್ನು ಮುಗಿಸಿದರೆ ಕೋರ್ಸಿನವರದೇ ಉಚಿತ ಪ್ರಮಾಣಪತ್ರವೂ ಸಿಗುತ್ತದೆ. ಎಡ್‌ಎಕ್ಸ್ ದೃಢೀಕರಿಸಿ ಕೊಡುವುದಕ್ಕೆ ಮಾತ್ರ ಹಣ ಕಟ್ಟಬೇಕು. ಕೆಲವರು ಇದನ್ನು ಸುಲಭದ ಕೋರ್ಸ್ ಎಂದು ತಿಳಿದು ಮಕ್ಕಳನ್ನು ಕೂರಿಸುತ್ತಾರೆ. ಇದು ಸುಲಭವಲ್ಲ. ಕಂಪ್ಯೂಟರಿನ ಸ್ಮೃತಿಯ ವಿಳಾಸಗಳನ್ನು ನೇರವಾಗಿ ಮುಟ್ಟಬೇಕಾದ ನಾಲ್ಕನೇ ವಾರದಲ್ಲಿ ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರು ಎಡವಿದ್ದಾರೆ, ಒಂದೇ ವಾರದ ಲೆಕ್ಕಕ್ಕೆ ಹತ್ತು ಗಂಟೆಗಿಂತ ಹೆಚ್ಚು ಬೇಕಾಗಿದೆ. ಎಡವಿದ ಕಡೆ ನಿಂತು ಎರಡು ಮೂರು ವಾರ ತೆಗೆದುಕೊಂಡರೆ ತಪ್ಪಿಲ್ಲ. 2023ರಿಂದ ಇದರಲ್ಲಿ ಬಾತುಕೋಳಿಯ ರೂಪದ ಒಂದು ಎಐ ಸಹಾಯಕ ಇದೆ. ಉತ್ತರವನ್ನು ನೇರವಾಗಿ ಕೊಡದೆ ಮುಂದಿನ ಹೆಜ್ಜೆಯ ಸುಳಿವು ಕೊಡುವಂತೆ ಅದನ್ನು ರೂಪಿಸಿದ್ದಾರೆ. ಬೇರೆ ಎಐ ಸಾಧನಗಳಿಗೆ ಲೆಕ್ಕ ಕೊಟ್ಟು ಉತ್ತರ ಇಳಿಸಿಕೊಂಡರೆ ಕೋರ್ಸಿನ ನಿಯಮ ಮುರಿದಂತಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಮಗು ಪಡಬೇಕಾದ ಶ್ರಮವನ್ನೇ ಅದು ಕಸಿದುಕೊಳ್ಳುತ್ತದೆ.

ಎಂಐಟಿ 2001ರಲ್ಲಿ ಘೋಷಿಸಿದ ‘ಓಪನ್‌ಕೋರ್ಸ್‌ವೇರ್’ನಲ್ಲಿ ಸೇರ್ಪಡೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ, ಪಾಠ, ಪ್ರಶ್ನೆಪತ್ರಿಕೆ, ಹಲವು ಕಡೆ ಉತ್ತರವೂ ಹಾಗೆಯೇ ಇಟ್ಟಿದ್ದಾರೆ. ತಾನೇ ಓದಬಲ್ಲ ಪಿಯುಸಿ ವಿದ್ಯಾರ್ಥಿಗೆ ಅದು ಸಾಕು.

ಪ್ರೋಗ್ರಾಮ್ ಬರೆಯುವ ಭಾಷೆಗಿಂತ ಪಾಠ ಹೇಳುವ ಭಾಷೆ ನಮ್ಮ ಮಕ್ಕಳಿಗೆ ದೊಡ್ಡ ತೊಡಕು. ಕನ್ನಡ ಮಾಧ್ಯಮದ ಜಾಣ ಮಗು ಇಂಗ್ಲಿಷ್ ವಿಡಿಯೊದ ಮುಂದೆ ಕುಳಿತು ತನಗೆ ಗಣಕ ತಿಳಿಯುವುದಿಲ್ಲ ಎಂದುಕೊಂಡರೆ ಅದು ಅನ್ಯಾಯ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿನಕ್ಸ್, ಸಿ, ಪೈಥಾನ್ ಮುಂತಾದ ವಿಷಯಗಳ ಸುಮಾರು ಹತ್ತು ನಿಮಿಷದ ಪಾಠಗಳಿವೆ, ಅವುಗಳಲ್ಲಿ ಹಲವಕ್ಕೆ ಕನ್ನಡ ಧ್ವನಿಯಿದೆ. ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಲೆಕ್ಕಗಳ ಆಳ ಅವುಗಳಲ್ಲಿ ಇಲ್ಲ, ಆದರೆ ಮೊದಲ ಭಯ ಹೋಗುತ್ತದೆ. ಮೂರು ನಾಲ್ಕು ವಾರ ಇದನ್ನು ನೋಡಿ, ಬಳಿಕ ಇಂಗ್ಲಿಷ್ ಪಾಠವನ್ನು ವೇಗ ತಗ್ಗಿಸಿ, ಕೆಳಗೆ ಬರೆಹ ಬರುವಂತೆ ಇಟ್ಟುಕೊಂಡು, ಪ್ರತಿ ಹೊಸ ಮಾತಿಗೂ ಕನ್ನಡದಲ್ಲಿ ಒಂದು ವಾಕ್ಯ ಬರೆದುಕೊಂಡ ಮಕ್ಕಳು ಎರಡು ತಿಂಗಳಲ್ಲಿ ದಡ ಹತ್ತಿದ್ದನ್ನು ನೋಡಿದ್ದೇನೆ. ಪೈಥಾನ್‌ನಲ್ಲಿ ‘ಮೊತ್ತ’, ‘ಸರಾಸರಿ’ ಎಂದು ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘೨೫’ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಸಂಖ್ಯೆಯಾಗಿ ಪರಿವರ್ತಿಸೆಂದರೂ ಅದು ತಪ್ಪಿಲ್ಲದೆ ಇಪ್ಪತ್ತೈದು ಎಂದು ತಿಳಿಯುತ್ತದೆ. ಈ ಎರಡು ಸಂಗತಿ ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ.

ಹೊತ್ತು ಹೊಂದಿಸುವುದು ಇನ್ನೊಂದು ಕೆಲಸ. ಎನ್‌ಪಿಟೆಲ್ ಕೋರ್ಸುಗಳು ಜನವರಿಯಿಂದ ಏಪ್ರಿಲ್ ಮತ್ತು ಜುಲೈಯಿಂದ ಅಕ್ಟೋಬರ್ ಎಂದು ವರ್ಷಕ್ಕೆ ಎರಡು ಸಲ ನಡೆಯುತ್ತವೆ. ಮೊದಲನೆಯದು ನಮ್ಮ ಶಾಲೆಗಳ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಬಂದು ಬೀಳುತ್ತದೆ, ಹಾಗಾಗಿ ಜುಲೈಯದನ್ನೇ ಹಿಡಿಯಬೇಕು. ಒಂಬತ್ತನೇ ತರಗತಿ ಇದಕ್ಕೆ ಹೇಳಿಮಾಡಿಸಿದ ವರ್ಷ. ಎಸೆಸೆಲ್ಸಿ ಮುಗಿದು ಪಿಯು ತರಗತಿ ಶುರುವಾಗುವವರೆಗಿನ ವಾರಗಳು ಸಿಎಸ್50ರ ಮೊದಲ ಅರ್ಧಕ್ಕೆ ಸಾಕಾಗುತ್ತವೆ. ಎರಡನೇ ಪಿಯುಸಿಯಲ್ಲಿ 12ನೇ ವಾರದ ಅಸೈನ್‌ಮೆಂಟ್ ಎಂದು ಮಗುವನ್ನು ಹಿಂಸಿಸಬಾರದು. ಸಾಧನದ ವಿಷಯದಲ್ಲಿ ಹೇಳುವುದಾದರೆ, ಫೋನಿನಲ್ಲಿ ಪಾಠ ನೋಡಬಹುದು, ಚಿಕ್ಕ ಪೈಥಾನ್ ಪ್ರೋಗ್ರಾಮನ್ನೂ ಓಡಿಸಬಹುದು. ಐವತ್ತು ಸಾಲಿನ ಪ್ರೋಗ್ರಾಮ್ ಬರೆಯಲು ಕೀಬೋರ್ಡ್ ಇರುವ ಯಾವುದಾದರೂ ಹಳೆಯ ಕಂಪ್ಯೂಟರ್ ಬೇಕು. ಬ್ರೌಸರಿನಲ್ಲೇ ಕೆಲಸ ಮಾಡುವ ಸೌಲಭ್ಯಗಳು ಈಗ ಇರುವುದರಿಂದ ಹೊಸ ಲ್ಯಾಪ್‌ಟಾಪಿಗಾಗಿ ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ.

ಕೋರ್ಸ್ ಮುಗಿಸಿದ ಮಗುವಿಗೆ ಮುಂದಿನ ಅಂಗಳ ಒಲಿಂಪಿಯಾಡ್. 1989ರಲ್ಲಿ ಬಲ್ಗೇರಿಯದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ (ಗಣಕ ವಿಜ್ಞಾನದ) ಒಲಿಂಪಿಯಾಡ್‌ಗೆ ಪ್ರತಿ ದೇಶ ಹೆಚ್ಚೆಂದರೆ ನಾಲ್ವರು ವಿದ್ಯಾರ್ಥಿಗಳನ್ನು ಕಳಿಸುತ್ತದೆ. ಎರಡು ದಿನ, ದಿನಕ್ಕೆ ಐದು ಗಂಟೆ ಪರೀಕ್ಷೆ. ಭಾರತದ ತಂಡವನ್ನು ಆರಿಸುವ ‘ಐಆರ್ಕ್ಸ್’ ಎಂಬ ಗಣಕ ವಿಜ್ಞಾನ ಸಂಶೋಧಕರ ಸಂಘ ಬಹಳ ವರ್ಷಗಳಿಂದ ಮೊದಲ ಹಂತದ ಒಂದು ಪತ್ರಿಕೆಯನ್ನು ಬರಿ ಕಾಗದ ಮತ್ತು ಪೆನ್ನಿನಲ್ಲಿ ನಡೆಸುತ್ತ ಬಂದಿತು, ಅದಕ್ಕೆ ಪ್ರೋಗ್ರಾಮಿಂಗ್ ಬೇಕಿರಲಿಲ್ಲ. ಆ ಹಳೆಯ ಪತ್ರಿಕೆಗಳು ಮಗುವಿನ ಒಲವನ್ನು ತಿಳಿಯಲು ಇಂದಿಗೂ ನನ್ನ ಮೆಚ್ಚಿನ ಸಾಧನ. ಆಯ್ಕೆಯ ಹಂತಗಳು ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಅಮೆರಿಕದ ಒಲಿಂಪಿಯಾಡ್‌ನ ಆನ್‌ಲೈನ್ ಸುತ್ತುಗಳಿಗೆ ಬೇರೆ ದೇಶದವರೂ ಉಚಿತವಾಗಿ ಕೂರಬಹುದು, ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಅಲ್ಲಿ ಮೆಟ್ಟಿಲುಗಳಿವೆ. ಫಿನ್‌ಲೆಂಡಿನ ‘ಸಿಎಸ್‌ಇಎಸ್’ ಎಂಬ ಲೆಕ್ಕಗಳ ಸಂಗ್ರಹ ದಿನಕ್ಕೊಂದರಂತೆ ಬಿಡಿಸುವವರಿಗೆ ಒಳ್ಳೆಯದು. ನಮ್ಮ ಶಾಲಾ ಶಿಕ್ಷಕರು ಈ ದಾರಿಯಲ್ಲಿ ಬರದೆ ಇದ್ದರೆ ಮಕ್ಕಳ ಸಂಖ್ಯೆ ಬೆಳೆಯುವುದಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ, ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಅಂಥದೇ ಕೆಲಸ ಕಂಪ್ಯೂಟರ್ ವಿಜ್ಞಾನಕ್ಕೂ ನಮ್ಮ ಭಾಗದಲ್ಲಿ ದೊಡ್ಡ ಪ್ರಮಾಣದಲ್ಲಿ ಆಗಬೇಕೆಂಬುದು ನನ್ನ ಬಹುದಿನದ ಆಸೆ.

ವಿಕಟಕವಿಯನ್ನು ಬಿಡಿಸಿದ ಹುಡುಗಿ ಈಗ ಮಾಧವನ್ ಮುಕುಂದ್ ಅವರ ಕೋರ್ಸಿನಲ್ಲಿ ವಿಂಗಡಣೆಯ ವಾರಕ್ಕೆ ಬಂದಿದ್ದಾಳೆ. ಹೋದ ಭಾನುವಾರ ತನ್ನ ಅಜ್ಜಿಯ ಊರಿನ ಜಿಲ್ಲೆಯಾದ ಚಿತ್ರದುರ್ಗದ ಆರು ತಾಲ್ಲೂಕುಗಳ ಹೆಸರನ್ನು ಕೊಟ್ಟು ಅಕಾರಾದಿಯಾಗಿ ಜೋಡಿಸಲು ಹೇಳಿದಳು. ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು ಎಂದು ನಾಲ್ಕು ಸರಿಯಾಗಿ ಬಂದವು. ಆಮೇಲೆ ಹೊಳಲ್ಕೆರೆ, ಕೊನೆಗೆ ಹೊಸದುರ್ಗ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ, ಹಾಗಾಗಿ ನಿಘಂಟಿನ ಕ್ರಮದಲ್ಲಿ ಹೊಸದುರ್ಗವೇ ಮೊದಲು ಬರಬೇಕು. ಯೂನಿಕೋಡ್‌ನಲ್ಲಿ ‘ಳ’ಕ್ಕೆ ‘ಲ’ದ ಪಕ್ಕದ ಸಂಖ್ಯೆ ಕೊಟ್ಟಿದ್ದಾರೆ. ಅದನ್ನು ಅವಳಿಗೆ ನಾನು ಹೇಳಲಿಲ್ಲ. ಹಾಳೆಯ ಮೇಲೆ ಕ, ಖ, ಗ ಎಂದು ಬರೆದು, ಒಂದೊಂದರ ಎದುರಿಗೂ ಅದರ ಸಂಖ್ಯೆಯನ್ನು ಪೈಥಾನ್‌ನಿಂದ ಕೇಳಿ ಬರೆದುಕೊಳ್ಳುತ್ತಿದ್ದಳು. ಸಂಜೆ ಅವಳ ಅಪ್ಪ ಕರೆದೊಯ್ಯಲು ಬಂದಾಗ ‘ಯ’ದವರೆಗೆ ಬಂದಿದ್ದಳು.